ಹಿಂದಿನ ಚಕ್ರದ ಹೊಸ ಟೈರು

ಎಳನೀರು ಹೇರಿದ ಸೈಕಲ್ಲನ್ನು ಅಣ್ಣ ದಿಣ್ಣೆ ಹತ್ತಿಸುವಾಗ ಹಿಂದಿನಿಂದ ತಳ್ಳುವುದು ನನ್ನ ಕೆಲಸವಾಗಿತ್ತು. ಒಂದು ದಿನ ನಾನು ತಳ್ಳಲಿಲ್ಲ. ತಳ್ಳುತ್ತಿದ್ದೇನೆ ಎಂದು ಬಾಯಲ್ಲಿ ಮಾತ್ರ ಹೇಳಿದೆ. ಇಷ್ಟನ್ನು ಬರೆಯಲು ನನಗೆ ಮೂವತ್ತೈದು ವರ್ಷ ಹಿಡಿಯಿತು. ಏಳನೇ ಕ್ಲಾಸಿನವರೆಗೆ ಓದಿದವಳು ನಾನು, ಬರೆದು ಅಭ್ಯಾಸವಿಲ್ಲ. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ.

ಇದನ್ನೆಲ್ಲ ಮತ್ತೆ ಎಬ್ಬಿಸಿದ್ದು ಹೊಸ ಟೈರಿನ ವಾಸನೆ. ಮಳವಳ್ಳಿಯ ಹೊರಗೆ, ಶಿಂಷಾ ಕಡೆಗೆ ಹೋಗುವ ರಸ್ತೆಯಲ್ಲಿ ನಾನೂ ನನ್ನ ಗಂಡನೂ ಒಂದು ಸಣ್ಣ ಹೋಟೆಲ್ ನಡೆಸುತ್ತೇವೆ. ಬೆಳಗ್ಗೆ ಇಡ್ಲಿ, ಚಿತ್ರಾನ್ನ, ಟೀ. ಗುಡ್ಡದ ಮಣ್ಣುದಾರಿಯಲ್ಲಿ ಸೈಕಲ್ ಹೊಡೆಯುವುದಕ್ಕೆಂದೇ ಭಾನುವಾರಗಳಂದು ಬೆಂಗಳೂರಿನಿಂದ, ಮೈಸೂರಿನಿಂದ ಜನ ಬರುತ್ತಾರೆ. ಕಾರಿನ ಹಿಂದೆ ಕಟ್ಟಿಕೊಂಡು ಬಂದ ಸೈಕಲ್ಲುಗಳನ್ನು ನಮ್ಮ ಅಂಗಳದಲ್ಲಿ ಇಳಿಸಿ, ತಿಂಡಿ ತಿಂದು ಹೊರಡುತ್ತಾರೆ. ಈ ಶ್ರಾವಣದ ಕೊನೆಯ ಭಾನುವಾರ ಹಾಗೆ ಮೂವರು ಬಂದರು. ಇಬ್ಬರು ಗಂಡಸರು, ನನ್ನ ವಯಸ್ಸಿನ ಒಬ್ಬ ಹೆಂಗಸು. ಆ ಹೆಂಗಸಿನದು ಹೊಸ ಸೈಕಲ್ಲು, ಮೋಟಾರು ಇರುವಂಥದು. ಅದನ್ನು ಅವರು ನನ್ನ ಒಲೆಯ ಪಕ್ಕದ ಕಂಬಕ್ಕೆ ಒರಗಿಸಿದರು. ಒಲೆಯ ಕಾವಿಗೆ ಟೈರಿನ ರಬ್ಬರು ಘಮ್ಮೆಂದಿತು.

ತೆಳ್ಳಗೆ ಉದ್ದಕ್ಕಿದ್ದವನು ಆ ಸೈಕಲ್ಲನ್ನು ಒಂದು ಸುತ್ತು ಬಂದ.

"ಇದು ಸೈಕಲ್ ಅಲ್ಲ ಮೇಡಂ, ಸ್ಕೂಟರ್. ಇನ್ಶೂರೆನ್ಸ್ ಮಾಡಿಸಿದ್ರಾ?"

"ತುಳಿದ್ರೆ ಮಾತ್ರ ಮೋಟ್ರು ತಳ್ಳೋದು. ನಾನು ನಿಲ್ಲಿಸಿದ್ರೆ ಅದೂ ನಿಲ್ಲುತ್ತೆ. ಸ್ಕೂಟರ್ ಹಂಗಿರುತ್ತಾ?" ಎಂದರು ಆಕೆ.

"ಗುಡ್ಡ ಹತ್ತೋದು ಅದು, ಮೇಲೆ ನಿಂತು ಫೋಟೋ ತೆಗೆಸ್ಕೊಳ್ಳೋದು ನೀವು."

"ಮಂಡಿ ಆಪರೇಷನ್ ಆಗಿದೆ ಕಣೋ. ನಿಂಗೂ ಐವತ್ತಾಗ್ಲಿ, ಆಮೇಲೆ ನೋಡೋಣ ನಿನ್ನ ಫೋಟೋ."

ಇನ್ನೊಬ್ಬನಿಗೆ ಮೋಟಾರಿನ ಗೊಡವೆ ಇರಲಿಲ್ಲ. ಅವನು ಕುಕ್ಕರಗಾಲಲ್ಲಿ ಕೂತು ಟೈರುಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ. "ಗಾಳಿ ಜಾಸ್ತಿ ಆಯ್ತು. ಇನ್ನೂ ಇಳಿಸ್ಬೇಕು, ಆಗ್ಲೇ ಕಲ್ಲಿನ ಮೇಲೆ ಕಚ್ಕೊಳ್ಳೋದು. ಮತ್ತೆ ಈ ದಪ್ಪ ಹಲ್ಲಿನ ಟೈರು ಹಿಂದಕ್ಕೆ ಯಾಕೆ ಹಾಕ್ಸಿದ್ರಿ? ಮುಂದಕ್ಕೆ ಹಾಕ್ಬೇಕಿತ್ತು. ಹಿಂದಿಂದು ಸವೆದಿದ್ರೂ ನಡೆಯುತ್ತೆ."

"ಏರು ಹತ್ತುವಾಗ ತಳ್ಳೋದು ಹಿಂದಿನ ಚಕ್ರ ತಾನೇ? ಅದೇ ಜಾರಿದ್ರೆ ಮೋಟ್ರು ಕಟ್ಕೊಂಡು ಏನ್ಮಾಡ್ಲಿ?"

ಇಡ್ಲಿ ಮುಗಿಯುವವರೆಗೂ ಇದೇ ವಾದ. ಕೊನೆಗೆ ತೆಳ್ಳನೆಯವನು ನನ್ನ ಕಡೆ ತಿರುಗಿ, "ಅಕ್ಕ, ನೀವೇ ತೀರ್ಪು ಕೊಡಿ. ಒಳ್ಳೆ ಟೈರು ಮುಂದಕ್ಕೋ, ಹಿಂದಕ್ಕೋ?" ಎಂದು ತಮಾಷೆಗೆ ಕೇಳಿದ.

"ಹಿಂದಕ್ಕೆ" ಎಂದುಬಿಟ್ಟೆ.

"ಯಾಕಕ್ಕ?"

ಯಾಕೆಂದು ನನಗೆ ಗೊತ್ತಿತ್ತು. ಟೀ ಸೋಸಲು ಒಲೆಯ ಕಡೆ ತಿರುಗಿಕೊಂಡೆ. ಹೊರಡುವಾಗ ಆ ಹೆಂಗಸು ಹೆಲ್ಮೆಟ್ ಬಿಗಿದುಕೊಳ್ಳುತ್ತಾ, ತೀರ್ಪು ತಮ್ಮ ಕಡೆ ಆದ ಖುಷಿಗೋ ಏನೋ, ನನ್ನ ಹತ್ತಿರ ಬಂದು ಹೇಳಿದರು: "ದಿಣ್ಣೇಲಿ ಮೋಟ್ರು ಹೆಂಗಿರುತ್ತೆ ಗೊತ್ತಾ? ಯಾರೋ ಹಿಂದೆ ನಿಂತು ಬೆನ್ನಿಗೆ ಕೈ ಕೊಟ್ಟಂಗಿರುತ್ತೆ. ತಿರುಗಿ ನೋಡಿದ್ರೆ ಯಾರೂ ಇರಲ್ಲ."

ಅವರು ನಕ್ಕರು. ನಾನು ಒಳಗೆ ಹೋಗಿ ಅಕ್ಕಿ ಮೂಟೆಯ ಮೇಲೆ ಕೂತುಬಿಟ್ಟೆ.

ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು. ಅಪ್ಪ ಬೇಗ ಹೋದದ್ದರಿಂದ ಮನೆಯ ಭಾರ ಅವನ ಮೇಲಿತ್ತು. ನಮ್ಮೂರು ಮದ್ದೂರಿಗೂ ಮಳವಳ್ಳಿಗೂ ನಡುವೆ. ಊರ ಸುತ್ತಲಿನ ತೋಟಗಳಲ್ಲಿ ಕಿತ್ತ ಎಳನೀರನ್ನು ಸೈಕಲ್ಲಿಗೆ ಹೇರಿಕೊಂಡು ಮದ್ದೂರಿನ ಮಾರುಕಟ್ಟೆಗೆ ಮುಟ್ಟಿಸುವುದು ಅವನ ಕೆಲಸ. ಆಗ ತೋಟದ ಬಾಗಿಲಿಗೆ ಟೆಂಪೋ ಬರುತ್ತಿರಲಿಲ್ಲ. ಕ್ಯಾರಿಯರಿಗೆ ಅಡ್ಡವಾಗಿ ಬಿದಿರು ಗಳ ಕಟ್ಟಿ, ಎರಡೂ ಕಡೆ ಗೊನೆಗಳನ್ನು ಇಳಿಬಿಟ್ಟು, ಅದರ ಮೇಲೆ ಮತ್ತೆ ಗೊನೆಗಳನ್ನು ಪೇರಿಸಿ ಹಗ್ಗ ಬಿಗಿಯುತ್ತಿದ್ದ. ಹೇರಿ ಮುಗಿಸಿದರೆ ಸೈಕಲ್ಲು ಕಾಣುತ್ತಿರಲಿಲ್ಲ. ಎರಡು ಚಕ್ರ ಮತ್ತು ಒಂದು ಹ್ಯಾಂಡಲ್ ಮಾತ್ರ ಕಾಣುತ್ತಿತ್ತು.

ಊರು ದಾಟಿದ ಮೇಲೆ ಒಂದು ದಿಣ್ಣೆ. ಅದನ್ನು ಹತ್ತಿಸಿಕೊಟ್ಟು ನಾನು ವಾಪಸು ಬರಬೇಕು, ಅವನು ಆಚೆಯ ಇಳಿಜಾರಿನಲ್ಲಿ ಮುಂದೆ ಹೋಗಬೇಕು. ಅವನು ಸೈಕಲ್ಲಿನ ಎಡಕ್ಕೆ ನಡೆಯುತ್ತಾ ಹ್ಯಾಂಡಲ್ ಮತ್ತು ಸೀಟು ಹಿಡಿದು ನೂಕುತ್ತಿದ್ದ. ನಾನು ಹಿಂದೆ ಬಗ್ಗಿ, ಎರಡೂ ಅಂಗೈ ಗೊನೆಗೆ ಒತ್ತಿ ತಳ್ಳುತ್ತಿದ್ದೆ. ಕಾಯಿಗಳು ನನ್ನ ತಲೆಗಿಂತ ಎತ್ತರ. ಅವನಿಗೆ ನಾನು ಕಾಣುತ್ತಿರಲಿಲ್ಲ. ಅದಕ್ಕೆ ಹತ್ತು ಹೆಜ್ಜೆಗೊಮ್ಮೆ ಕೂಗುತ್ತಿದ್ದ.

"ಇದ್ದೀಯೇನವ್ವ?"

"ಇವ್ನಿ ಕಣಣ್ಣ."

ನನ್ನ ದನಿ ಕೇಳಿದರೆ ಅವನಿಗೆ ಧೈರ್ಯ. ಬೆವರು ಕಣ್ಣಿಗಿಳಿದಾಗ ಒಂದು ಕೈ ಬಿಟ್ಟು ಒರೆಸಿಕೊಳ್ಳುತ್ತಿದ್ದ, ಪಂಚೆ ಸಡಿಲವಾದರೆ ಸಿಕ್ಕಿಸಿಕೊಳ್ಳುತ್ತಿದ್ದ. ಹಿಂದೆ ನಾನಿದ್ದೆನಲ್ಲ...

ಒಂದು ಸಲ ಎರಡೂ ಟೈರು ಸವೆದು ನೂಲು ಕಾಣುತ್ತಿತ್ತು. ಆಗ ಒಂದೇ ಒಂದು ಹೊಸ ಟೈರು ತಂದ. ಸೈಕಲ್ ಶಾಪಿನವನು ಅವನ ಜೊತೆಗಾರ. ಅವನು "ಮುಂದಕ್ಕೆ ಹಾಕನ ಕಣ್ಲಾ, ಹ್ಯಾಂಡ್ಲು ನಿನ್ ಮಾತು ಕೇಳ್ತದೆ" ಎಂದ. ಅಣ್ಣ ಒಪ್ಪಲಿಲ್ಲ. "ಹಿಂದ್ಗಡೆ ಇರೋಳು ನನ್ ತಂಗಿ ಕಣ್ಲಾ. ಚಕ್ರ ಜಾರಿದ್ರೆ ಅವಳ್ ಮ್ಯಾಲೇ ಬರೋದು. ಹಿಂದಕ್ಕೇ ಹಾಕು." ಮನೆಗೆ ಬಂದವನೇ ಸೈಕಲ್ಲನ್ನು ನನ್ನ ಮುಂದೆ ನಿಲ್ಲಿಸಿ, "ಮೂಸಿ ನೋಡವ್ವ, ಎಂಗದೆ" ಎಂದ. ಮೂಗು ಹತ್ತಿರ ಒಯ್ದು ಮೂಸಿದೆ. ಇಬ್ಬರೂ ನಕ್ಕೆವು.

ಆ ವರ್ಷವೇ ಅವ್ವ ನನ್ನ ಶಾಲೆ ಬಿಡಿಸಿದ್ದಳು. ಹೈಸ್ಕೂಲು ದಿಣ್ಣೆಯ ಆಚೆಗಿನ ಊರಲ್ಲಿತ್ತು. ನನ್ನ ಜೊತೆ ಏಳನೇ ಕ್ಲಾಸು ಮುಗಿಸಿದ ಐದಾರು ಹುಡುಗಿಯರು ನೀಲಿ ಲಂಗ, ಬಿಳಿ ರವಿಕೆ ತೊಟ್ಟು, ಎರಡು ಜಡೆ ಮಡಿಸಿ ಕಟ್ಟಿಕೊಂಡು ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಬರುತ್ತಿದ್ದರು. ಅವರು ಕೆಟ್ಟವರಲ್ಲ. ಒಬ್ಬಳು ಒಮ್ಮೆ "ಎಂಜಿನ್ನು ಹೊಂಟ್ತು ಕಣ್ರೇ" ಎಂದಳು, ಅಷ್ಟೇ. ಎಲ್ಲರೂ ನಕ್ಕರು. ಬಗ್ಗಿ ನಿಂತ ನನ್ನ ಮುಖ ನೆಲದ ಕಡೆಗಿತ್ತು. ಹರಿದ ಲಂಗದ ಹಿಂಭಾಗ ಅವರ ಕಡೆಗಿತ್ತು.

ಮಾರನೆಯ ದಿನ ತಿರುವಿನಲ್ಲಿ ಅವರ ಮಾತು ಕೇಳಿದ ಕೂಡಲೇ ಕೈ ತೆಗೆದೆ. ನೆಟ್ಟಗೆ ನಿಂತು, ರಸ್ತೆಯ ಅಂಚಿಗೆ ಸರಿದು, ಎಲ್ಲಿಗೋ ಹೊರಟವಳ ಹಾಗೆ ನಡೆದೆ. ಅಣ್ಣ ಕೂಗಿದ. "ಇವ್ನಿ ಕಣಣ್ಣ, ತಳ್ತಾ ಇವ್ನಿ" ಎಂದೆ. ಅವರು ಮುಂದೆ ಹೋಗುವವರೆಗೆ ಹಾಗೇ ಹೇಳುತ್ತಿದ್ದೆ. ಏದುಸಿರು ಬಿಡುತ್ತಾ ಅಣ್ಣ ಒಬ್ಬನೇ ಮೇಲೆ ತಲುಪಿದ. ತಲುಪಿದವನು ಸೈಕಲ್ಲನ್ನು ಸೊಂಟಕ್ಕೆ ಒರಗಿಸಿಕೊಂಡು, "ಇವತ್ತು ಚೆಂದಾಗಿ ತಳ್ದೆ ಕಣವ್ವ" ಎಂದು ನನ್ನ ತಲೆ ಸವರಿದ.

ಅವನು ಬೈದಿದ್ದರೆ ನಾನು ನಿಲ್ಲಿಸುತ್ತಿದ್ದೆನೋ ಏನೋ. ಹೊಗಳಿದ. ನಾನಿಲ್ಲದೆಯೂ ಅವನು ಹತ್ತಬಲ್ಲ ಎಂದುಕೊಂಡೆ. ಆಮೇಲೆ ಅವರ ಸದ್ದು ಕೇಳಿದಾಗಲೆಲ್ಲ ಕೈ ತೆಗೆಯುತ್ತಿದ್ದೆ. ಬಾಯಿ ಮಾತ್ರ ತಳ್ಳುತ್ತಿತ್ತು.

ಆ ದಿನ ಹೇರು ಹೆಚ್ಚಾಗಿತ್ತು. ಹಿಂದಿನ ಸಂಜೆ ಮಳೆ ಬಂದು ಮಣ್ಣು ಇನ್ನೂ ಹಸಿಯಾಗಿತ್ತು. ದಿಣ್ಣೆ ಶುರುವಾಗುತ್ತಲೇ ಕೆಳಗಿನ ತಿರುವಿನಲ್ಲಿ ನಗು ಕೇಳಿಸಿತು. ಕೈ ತೆಗೆದು ಅಂಚಿಗೆ ಸರಿದೆ. ಅವರು ಅವತ್ತು ನಿಧಾನಕ್ಕೆ ಹಿಂದೆಯೇ ಬರುತ್ತಿದ್ದರು; ತುದಿಗೆ ಹತ್ತು ಮಾರು ಇರುವಾಗ ಅಣ್ಣ ಕೂಗಿದ.

"ಬೆವ್ರು ಒರುಸ್ಕತೀನಿ. ಗಟ್ಟಿಯಾಗಿ ಇಡ್ಕಂಡಿದ್ದೀಯೇನವ್ವ?"

"ಇಡ್ಕಂಡಿವ್ನಿ ಕಣಣ್ಣ."

ಅವನು ಕೈ ಬಿಟ್ಟ. ಸೈಕಲ್ಲು ಹಿಂದಕ್ಕೆ ಜರುಗಿತು, ಹ್ಯಾಂಡಲ್ ತಿರುಚಿಕೊಂಡಿತು, ಇಡೀ ಹೇರು ಅವನನ್ನೂ ಕೆಡವಿ ಅವನ ತೊಡೆಯ ಮೇಲೆ ಬಿತ್ತು. ಹಗ್ಗ ಹರಿದು ಎಳನೀರು ದಿಣ್ಣೆಯುದ್ದಕ್ಕೂ ಉರುಳಿದವು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಮೈಗೆ ಒಂದು ಹನಿ ಕೆಸರೂ ಹಾರಿರಲಿಲ್ಲ. ಸೈಕಲ್ಲಿನ ಕೆಳಗಿನಿಂದ ಅಣ್ಣ ಕೂಗುತ್ತಿದ್ದ. ಕಾಲು ಹೋಯಿತು ಎಂದು ಕೂಗುತ್ತಿರಲಿಲ್ಲ.

"ಮಗ, ಎಲ್ಲಿದ್ದೀಯ? ನಿನ್ ಮ್ಯಾಲೆ ಬಿತ್ತಾ? ಮಾತಾಡವ್ವ..."

ಆಗ ಮಾತ್ರ ನನಗೆ ದನಿ ಬರಲಿಲ್ಲ.

ಹುಡುಗಿಯರು ಓಡಿ ಬಂದರು, ಗದ್ದೆಯವರು ಬಂದರು, ಅವನನ್ನು ಎತ್ತಿ ಹುಣಸೆ ಮರದ ಕೆಳಗೆ ಮಲಗಿಸಿದರು. ಗಾಡಿ ಬರುವವರೆಗೆ ಅವನು ನನ್ನ ಎರಡೂ ಕೈಗಳನ್ನು ತೆಗೆದುಕೊಂಡು ಅಂಗೈ ಮೇಲೆ ಮಾಡಿ ನೋಡಿದ. ದಿಣ್ಣೆ ಹತ್ತಿಸಿದ ದಿನ ನನ್ನ ಅಂಗೈ ಕೆಂಪಗಾಗಿ, ಗೊನೆಯ ತೊಟ್ಟಿನ ಗುರುತು ಮೂಡಿರುತ್ತಿತ್ತು. ಅವತ್ತು ತಣ್ಣಗೆ, ಬೆಳ್ಳಗೆ ಇದ್ದವು. ಬಹಳ ಹೊತ್ತು ನೋಡಿದ. ಅಥವಾ ನನಗೆ ಹಾಗನಿಸಿತೋ... ಆಮೇಲೆ ಬೆರಳುಗಳನ್ನು ಅವನೇ ಮಡಿಸಿ, "ಸದ್ಯ, ನಿಂಗೇನೂ ಆಗ್ನಿಲ್ಲವಲ್ಲ, ಬುಡು" ಎಂದ.

ಮಂಡ್ಯದ ಆಸ್ಪತ್ರೆಯಲ್ಲಿ ಕಟ್ಟು ಹಾಕಿದರು. ನಾಲ್ಕು ತಿಂಗಳು ಮಲಗಿದ. ಎದ್ದಾಗ ಆ ಕಾಲು ಎರಡು ಬೆರಳು ಗಿಡ್ಡವಾಗಿತ್ತು. ಮತ್ತೆ ಹೇರು ನೂಕಲಿಲ್ಲ. ಮದ್ದೂರಿನಲ್ಲಿ ಒಂದು ಎಳನೀರು ಅಂಗಡಿಯ ಮುಂದೆ ಕಲ್ಲಿನ ಮೇಲೆ ಕೂತು, ಇನ್ನೊಬ್ಬರು ತಂದ ಕಾಯಿ ಕೆತ್ತಿಕೊಡುವ ಕೆಲಸಕ್ಕೆ ಸೇರಿದ. ಸಾಯುವವರೆಗೂ ಅದೇ ಕಲ್ಲು.

ಕೇಳಿದವರಿಗೆಲ್ಲ ಅವನು ಒಂದೇ ಕತೆ ಹೇಳಿದ. "ನಂದೇ ತಪ್ಪು, ಕೈ ಬುಟ್ಟೆ. ನನ್ ತಂಗಿ ಕೊನೇವರ್ಗೂ ಬುಡ್ನಿಲ್ಲ." ನನ್ನನ್ನು ನೋಡಲು ಮಳವಳ್ಳಿಯಿಂದ ಗಂಡಿನವರು ಬಂದಾಗಲೂ ಅದನ್ನೇ ಹೇಳಿದ. ಅತ್ತೆ ಅದನ್ನು ಕೇಳಿಯೇ ನನ್ನನ್ನು ಒಪ್ಪಿದ್ದು. "ಇಂತಾ ಹೆಣ್ಣೇ ಬೇಕು ನಮ್ಮನೆಗೆ" ಎಂದರಂತೆ. ನಾನು ತಲೆ ತಗ್ಗಿಸಿ ಕೂತಿದ್ದೆ. ನಾಚಿಕೆ ಎಂದುಕೊಂಡರು. ನಾನು ಈ ಮನೆಗೆ ಬಂದದ್ದು, ಇಲ್ಲಿ ನಾಲ್ಕು ಜನ ನನಗೆ ಮರ್ಯಾದೆ ಕೊಡುವುದು, ಎಲ್ಲದರ ಬುಡದಲ್ಲೂ ಆ ಸುಳ್ಳಿದೆ.

ಮದುವೆಯಾದ ಮೇಲೆ ಪ್ರತಿ ವರ್ಷ ಗೌರಿ ಹಬ್ಬಕ್ಕೆ ಅವನೇ ತವರಿನ ಬಾಗಿನ ತರುತ್ತಿದ್ದ. ಬಸ್ಸಿಳಿದು, ಮೊರವನ್ನು ಎದೆಗೆ ಒತ್ತಿಕೊಂಡು, ಆ ಗಿಡ್ಡ ಕಾಲನ್ನು ಎಳೆದುಕೊಂಡು ಬರುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಎದುರು ಹೋಗಿ ತೆಗೆದುಕೊಳ್ಳುತ್ತೇನೆಂದರೆ ಕೊಡುತ್ತಿರಲಿಲ್ಲ. ಪ್ರತಿ ಸಲವೂ ಈ ಸಲ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಊಟಕ್ಕಿಡುತ್ತಿದ್ದೆ, ಕೈಗೆ ನೀರು ಕೊಡುತ್ತಿದ್ದೆ, ಬಸ್ಸು ಹತ್ತಿಸುತ್ತಿದ್ದೆ.

ಮೂರು ವರ್ಷದ ಕೆಳಗೆ ಅವನು ಹಾಸಿಗೆ ಹಿಡಿದ. ನೋಡಲು ಹೋದವಳು ಅತ್ತಿಗೆ ಹೊರಗೆ ಹೋಗುವುದನ್ನೇ ಕಾದು, "ಅಣ್ಣ, ಆವತ್ತು ದಿಣ್ಣೆ ಮೇಲೆ..." ಎಂದು ಶುರು ಮಾಡಿದೆ. ಅವನು ಕಣ್ಣು ಮುಚ್ಚಿಕೊಂಡೇ, "ಅದ್ಯಾಕೀಗ. ನೀರು ಕೊಡು" ಎಂದ. ಕೊಟ್ಟೆ. ಎರಡು ಗುಟುಕು ಕುಡಿದು ಗೋಡೆಯ ಕಡೆ ಮಗ್ಗುಲಾದ. ಅವನಿಗೆ ಗೊತ್ತಿತ್ತೋ, ಸುಸ್ತಾಗಿತ್ತೋ... ನಾನು ಮತ್ತೊಮ್ಮೆ ಬಾಯಿ ತೆರೆಯಲಿಲ್ಲ. ಆ ವಾರವೇ ಹೋದ.

ಅವನು ಹೋದ ಮೇಲೂ ಬಾಗಿನ ನಿಲ್ಲಲಿಲ್ಲ. ಗೆಜ್ಜಲಗೆರೆಯ ಫ್ಯಾಕ್ಟರಿಯೊಂದಕ್ಕೆ ಕೆಲಸಕ್ಕೆ ಹೋಗುವ ಅವನ ಮಗಳು ತರುತ್ತಾಳೆ. ಆ ಸೈಕಲ್ಲಿನವರು ಬಂದುಹೋದ ಸ್ವಲ್ಪ ದಿನಕ್ಕೆ ಈ ವರ್ಷದ ಗೌರಿ ಹಬ್ಬ ಬಂತು. ಬೆಳಗಿನ ಗಿರಾಕಿಗಳು ಹೋದ ಮೇಲೆ ಮೊರ ಹಿಡಿದುಕೊಂಡು ಬಂದಳು. ಸೀರೆ, ಬಳೆ, ಅರಿಶಿನ ಕುಂಕುಮ, ಒಂದು ತೆಂಗಿನಕಾಯಿ. ಅವಳ ಹಣೆ ನಮ್ಮಣ್ಣನದೇ.

"ಬಸ್ಸಲ್ಲಿ ಸೀಟೇ ಇರ್ನಿಲ್ಲ ಕಣತ್ತೆ, ನಿಂತ್ಕಂಡೇ ಬಂದೆ. ಕಂಡಕ್ಟ್ರು ಮೊರ ಕೆಳಗಿಡಮ್ಮ ಅಂದ. ನಮ್ಮತ್ತೆ ಹೇರೇ ಬುಡ್ನಿಲ್ಲ, ನಾನು ಮೊರ ಬುಟ್ಟೇನಾ ಅಂದೆ. ಏನೂ ಅರ್ಥ ಆಗ್ದೆ ಮಿಕಮಿಕ ನೋಡ್ದ." ನಗುತ್ತಾ ಮೊರವನ್ನು ನನ್ನ ಮುಂದೆ ಚಾಚಿದಳು. "ತಕ್ಕೋ ಅತ್ತೆ. ಅಮ್ಮ ಕಳ್ಸವ್ಳೆ."

ನಾನು ತೆಗೆದುಕೊಳ್ಳಲಿಲ್ಲ.

"ಯಾಕತ್ತೆ?"

"ನಾನು ಬುಟ್ಟಿದ್ದೆ ಕಣವ್ವ" ಎಂದೆ. "ಆವತ್ತು ನಾನು ತಳ್ತಿರ್ನಿಲ್ಲ. ಹೈಸ್ಕೂಲ್ ಹುಡ್ಗೀರು ನೋಡ್ತಾರೆ ಅಂತ ದೂರ ನಿಂತಿದ್ದೆ. ಇಡ್ಕಂಡಿವ್ನಿ ಅಂತ ಸುಳ್ಳು ಹೇಳ್ದೆ. ಅದ ನಂಬ್ಕಂಡು ನಿಮ್ಮಪ್ಪ ಕೈ ಬುಟ್ಟ."

ಅವಳ ನಗು ಒಮ್ಮೆಗೇ ಹೋಗಲಿಲ್ಲ, ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದಿತ್ತು. ಮೊರವನ್ನು ಕೆಳಗಿಡಲೂ ಇಲ್ಲ, ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ.

"ಅಪ್ಪಂಗೆ ಗೊತ್ತಿತ್ತಾ?"

"ಗೊತ್ತಿಲ್ಲ ಕಣವ್ವ. ಗೊತ್ತಿದ್ರೂ ಹೇಳ್ನಿಲ್ಲ ಅವನು. ನಾನೂ ಹೇಳ್ನಿಲ್ಲ. ಅವನು ಇರೋವಾಗ್ಲೇ ಕೇಳ್ಬೇಕಾಗಿತ್ತು..."

ಅವಳು ನನ್ನನ್ನೇ ನೋಡುತ್ತಿದ್ದಳು. ನಾನೂ ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ. ಅಣ್ಣನಿಗೆ ಹೇಳಬೇಕಾದ್ದನ್ನು ಅವನ ಮಗಳಿಗೆ ಕೇಳುವ ಹಾಗೆ ಹೇಳಿದೆ.

"ತಪ್ಪಾಯ್ತು ಕಣಣ್ಣ. ನನ್ನಿಂದ ತಪ್ಪಾಯ್ತು."