ಕಾನೂನಿಗಿಂತ ಮೊದಲು ನೆನಿಟಾ

ಸ್ತ್ರೀಪುರುಷ ಸಮಾನತೆಯನ್ನು ನಾನಾ ದೇಶಗಳ ಕಾನೂನುಗಳು ಹೇಗೆ ಕಂಡಿವೆ ಎಂಬುದನ್ನು ತೂಗಿ ನೋಡುವ ಶಾಸ್ತ್ರದಲ್ಲಿ, ನಮ್ಮ ಇಲೋಯಿಲೋ ನಗರದಿಂದ ದೂರದವರೆಗೂ ಗೌರವಿಸಲ್ಪಡುವ ಹೆಸರು ಪ್ರೊಫೆಸರ್ ಎಪಿಫಾನಿಯಾ ಪಲ್ಮಾರೆಸ್ ಅವರದು. ಅವರ ನಿವೃತ್ತಿಯ ಈ ಸಂದರ್ಭದಲ್ಲಿ, ಅವರು ಬರೆದ ಗ್ರಂಥಗಳಿಗಿಂತ, ಹೂಡದೆ ಬಿಟ್ಟ ಒಂದು ಮೊಕದ್ದಮೆಯನ್ನು ನೆನೆಯಲು ಬಯಸುತ್ತೇನೆ.

ನಾನಾಗ ಅವರ ವಿದ್ಯಾರ್ಥಿನಿ. ದಾಂಪತ್ಯದ್ರೋಹವು ಥಾಯ್ಲೆಂಡಿನಲ್ಲಿ ವಿಚ್ಛೇದನಕ್ಕೆ ಕಾರಣವಾದೀತೇ ಹೊರತು ಸೆರೆಮನೆಗಲ್ಲ; ಇಂಡೋನೇಷ್ಯದಲ್ಲಿ ಸೆರೆಯುಂಟು, ಆದರೆ ಇಬ್ಬರಿಗೂ ಒಂದೇ ಅಳತೆ; ನಮ್ಮ ದೇಶದಲ್ಲಿ ಮಾತ್ರ ಹೆಂಡತಿಗೆ ಒಂದು ಸಲದ ತಪ್ಪೇ ಸಾಕು, ಗಂಡನಾದರೆ ಇನ್ನೊಬ್ಬಳನ್ನು ಮನೆಯಲ್ಲೇ ಇಟ್ಟಿರಬೇಕು, ಬೇರೆಡೆ ಸಂಸಾರ ಹೂಡಿರಬೇಕು, ಇಲ್ಲವೇ ಊರಿಗೇ ರಂಪವಾಗಿರಬೇಕು, ಆಗಲೂ ಶಿಕ್ಷೆ ಕಡಿಮೆ ಎಂದು ಅವರು ಪಾಠ ಹೇಳಿದ ವಾರವೇ ನನ್ನ ತಾಯಿ ನೆನಿಟಾಳ ಮೇಲೆ ದೂರು ಬಂತು. ಕೊಟ್ಟವನು, ನಮ್ಮನ್ನು ತೊರೆದು ಪಕ್ಕದ ದ್ವೀಪದ ಬಕೋಲೋಡಿನಲ್ಲಿ ಬೇರೆ ಸಂಸಾರ ಹೂಡಿದ್ದ ನನ್ನ ತಂದೆ. ಒಣಮೀನು ಮಾರಿ ನಮ್ಮನ್ನು ಸಾಕಿದ ತಾಯಿ, ದೋಣಿ ರಿಪೇರಿಯ ಕರ್ಲಿಟೊನೊಡನೆ ಬಾಳುತ್ತಿದ್ದುದು ತಂದೆಗೆ ಮೊದಲಿನಿಂದಲೂ ಗೊತ್ತಿತ್ತು. ಈಗ ಅವನಿಗೆ ನಾವಿದ್ದ ಮನೆ ಬೇಕಾಗಿತ್ತು; ತಾಯಿಯನ್ನು ಹೆದರಿಸಿ ಬಿಡಿಸಲೆಂದೇ ಈ ದೂರು.

ಸುದ್ದಿ ತಿಳಿದ ಪ್ರೊಫೆಸರ್ ತಾವಾಗಿಯೇ ನಮ್ಮ ಮನೆಗೆ ಬಂದರು. ಸಹೋದ್ಯೋಗಿಗಳೆಲ್ಲ ಇದನ್ನು ಸರ್ವೋಚ್ಚ ನ್ಯಾಯಾಲಯದವರೆಗೆ ಒಯ್ದು ಹೆಂಡತಿಗೊಂದು ಗಂಡನಿಗೊಂದು ಅಳತೆಯ ಆ ಕಲಮನ್ನೇ ಪ್ರಶ್ನಿಸುವಂತೆ ಒತ್ತಾಯಿಸುತ್ತಿದ್ದರು; ಪ್ರೊಫೆಸರ್ ಕೂಡ ಜೀವಮಾನವಿಡೀ ಇಂಥದೊಂದು ಪ್ರಕರಣಕ್ಕಾಗಿ ಕಾದವರೇ.

"ಗೆದ್ರೆ ದೇಶದ ಹೆಂಗಸರಿಗೆಲ್ಲ ಅನುಕೂಲ ಆಗುತ್ತೆ ನೆನಿಟಾ. ಆದ್ರೆ ಏಳೆಂಟು ವರ್ಷ ಹಿಡಿಯಬಹುದು, ಪೇಪರ್‌ನಲ್ಲೂ ಬರುತ್ತೆ," ಎಂದರು.

"ಸಂತೇಲಿ ಈಗ್ಲೇ ಕೇಳ್ತಾರೆ ಮೇಡಂ, ಮೀನು ಎಷ್ಟು, ನೀನೆಷ್ಟು ಅಂತ. ಇನ್ನೂ ಎಂಟು ವರ್ಷ ಕೇಳಿಸ್ಕೊಳ್ಲಾ?"

"ಹಾಗಾದ್ರೆ ಅವನ ಮೇಲೂ ದೂರು ಕೊಡೋಣ್ವಾ?"

"ಅವನ್ನ ಒಳಗೆ ಹಾಕ್ಸಿ ಉಪ್ಪಿನಕಾಯಿ ಹಾಕ್ಲಾ? ನನ್ನ ಬಿಟ್ರೆ ಸಾಕು."

ಪ್ರೊಫೆಸರ್ ಜೋರಾಗಿ ನಕ್ಕರು.

ಗಂಡ ತಿಳಿದೂ ವರ್ಷಗಟ್ಟಲೆ ಸುಮ್ಮನಿದ್ದುದು ಸಮ್ಮತಿಗೆ ಸಮ, ಸಮ್ಮತಿಸಿದವನಿಗೆ ದೂರುವ ಹಕ್ಕಿಲ್ಲ ಎಂಬ ಹಳೆಯ, ಸಣ್ಣ ವಾದವನ್ನಷ್ಟೇ ಅವರು ಮುಂದಿಟ್ಟರು. ದೂರು ವಜಾ ಆಯಿತು. ಮರುದಿನ ತಾಯಿ ಎಂದಿನಂತೆ ಸಂತೆಗೆ ಹೋದಳು. ಕಲಮು ಇದ್ದಲ್ಲೇ ಇತ್ತು.

"ಇಂಥ ಕೇಸು ಮತ್ತೆ ಸಿಗುತ್ತಾ ಮೇಡಂ?" ಎಂದು ನಾನು ಅಳುಕುತ್ತ ಕೇಳಿದೆ.

"ಸಿಗದೇ ಇರಬಹುದು. ಸಮಾನತೆ ಅಂತ ಹೇಳ್ಕೊಂಡು, ಅವಳ ಮಾತಿಗೇ ಬೆಲೆ ಕೊಡದೇ ಇದ್ರೆ ನಾನು ಪಾಠ ಮಾಡಿದ್ದೇನಮ್ಮ?"

ಅನಂತರವೂ ಅವರು ಕಲಮಿನ ತಿದ್ದುಪಡಿಗಾಗಿ ಬರೆಯುತ್ತಲೇ, ವಾದಿಸುತ್ತಲೇ ಬಂದಿದ್ದಾರೆ. ನಿವೃತ್ತಿ ಅದನ್ನು ನಿಲ್ಲಿಸಲಾರದು. ಗುರುಗಳಿಗೆ ದೀರ್ಘಾಯುಷ್ಯವಿರಲಿ. ಅವರು ಆ ಕಲಮನ್ನು ಕಾನೂನಿನ ತರಗತಿಯಲ್ಲಲ್ಲ, ಇತಿಹಾಸದ ತರಗತಿಯಲ್ಲಿ ಪಾಠ ಹೇಳುವಷ್ಟು ಆ ಆಯುಷ್ಯ ದೀರ್ಘವಾಗಿರಲಿ.