ಡೇರಿಯ ತಗಡಿನ ಮೇಲೆ ಕೂತ ಮನೆಗಳು

ಫೋನಿನ ಪರದೆ ಚಂದ ಕಾಣಬೇಕು ಎನ್ನುವವರನ್ನು ಕಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ನಾನು ಹೊಟ್ಟೆ ಹೊರೆದದ್ದು ಅದೇ ಕೆಲಸದಿಂದ, ಆ ಮಾತು ಬೇರೆ.

ನಿಪ್ಪಾಣಿಯ ಸಣ್ಣ ಕಂಪನಿಯೊಂದರಲ್ಲಿ ಪರದೆಗಳ ವಿನ್ಯಾಸ ಮಾಡುತ್ತಿದ್ದೆ. ದನದ ಡಾಕ್ಟರನ್ನು ಮನೆಗೆ ಕರೆಸುವ ಆ್ಯಪ್ ಅದು. ಹೆಸರು ನೋಂದಾಯಿಸುವಾಗ ಒಂದು ಗುಂಡಿ ಒತ್ತಿದರೆ, ನಿಂತ ಜಾಗವೇ ಮನೆ ಎಂದು ನಕಾಶೆಯಲ್ಲಿ ಗುರುತು ಬೀಳುತ್ತಿತ್ತು. ಡಾಕ್ಟರು ಆ ಗುರುತು ಹಿಡಿದು ಬರಬೇಕು.

ನಮ್ಮೂರು ಉಗಾರ ಬುದ್ರುಕದಲ್ಲಿ ಫೋನಿನ ಯಾವ ಕೆಲಸವಿದ್ದರೂ ಮುಂಜಾನೆ ಹಾಲು ಹಾಕಲು ಹೋದಾಗ ಡೇರಿಯಲ್ಲೇ ಆಗುವುದು. ಡೇರಿಯ ಕಾರ್ಯದರ್ಶಿ ಎಲ್ಲರ ಫೋನು ಇಸಿದುಕೊಂಡು ಅಲ್ಲೇ ಗುಂಡಿ ಒತ್ತಿ ಕೊಟ್ಟ. ಕಬ್ಬಿನ ನಡುವೆ ಚದುರಿದ್ದ ತೋಟದ ಮನೆಗಳೆಲ್ಲ ನಕಾಶೆಯಲ್ಲಿ ಡೇರಿಯ ತಗಡಿನ ಚಾವಣಿಯ ಮೇಲೆ ಒಂದರ ಮೇಲೊಂದು ಕೂತವು.

ಇದನ್ನು ಕಂಡು ಮಾಲೀಕನಿಗೆ ಹೇಳಿದೆ, ಗುರುತಿನ ಕೆಳಗೆ ತೋಟದ ಹೆಸರು, ಫೋನ್ ನಂಬರು ಎರಡೇ ಸಾಲು ಹಾಕೋಣ ಎಂದು. ಅವನು ಮೂಗು ಮುರಿದ.

"ಭಾಳ ಗದ್ದಲ ಕಾಣ್ತೈತಿ. ಉದ್ಘಾಟನೆಗೆ ಸಾಹೇಬ್ರು ಬರಾಕತ್ತಾರ, ಪರದೆ ಸ್ವಚ್ಛ ಇರ್ಲಿ."

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಆ ಜಾಗದಲ್ಲಿ ಸೇವೆಗೆ ಅಂಕ ಕೊಡಲು ಐದು ನಕ್ಷತ್ರ ಹಾಕಿಸಿದ.

ಅದೇ ಮಳೆಗಾಲ ನನ್ನ ಚಿಕ್ಕಮ್ಮ, ಕಾಕುವಿನ ಎಮ್ಮೆಗೆ ಈಯುವಾಗ ಕರು ಅಡ್ಡ ಸಿಕ್ಕಿತು. ಕಾಕಾ ತೀರಿದ ಮೇಲೆ ಅವಳ ಸಂಸಾರ ನಡೆದದ್ದೇ ಆ ಎಮ್ಮೆಯ ಹಾಲಿನಿಂದ. ಊರಿಗೆ ಬಂದಿದ್ದ ನಾನು ಅವಳ ತೋಟ ಮುಟ್ಟುವಷ್ಟರಲ್ಲಿ ಅವಳು ಆ್ಯಪ್‌ನಲ್ಲಿ ಡಾಕ್ಟರನ್ನು ಕರೆದು ಹಾದಿ ಕಾಯುತ್ತಿದ್ದಳು. ಕೇಳಿದ್ದೇ ತಡ, ಬೈಕು ತಿರುಗಿಸಿ ಡೇರಿಗೆ ಓಡಿದೆ. ಬಾಗಿಲಿಗೆ ಬೀಗ.

"ಡಾಕ್ಟರ್ ಬಂದಿದ್ರು. ಫೋನ್ ನೋಡಿದ್ರು, ಕದಾ ಬಡದ್ರು, ಐನಾಪುರಕ್ಕ ಹೋದ್ರು ನೋಡ್ರಿ" ಎಂದ ಎದುರಿನ ಚಹಾದಂಗಡಿಯವ.

ಐನಾಪುರದಿಂದ ಅವರನ್ನು ಕರೆತರುವಷ್ಟರಲ್ಲಿ ಎಮ್ಮೆ ಸತ್ತಿತ್ತು. ಕರುವೂ ಹೊಟ್ಟೆಯಲ್ಲೇ ಹೋಗಿತ್ತು.

ಕಾಕು ಅಳಲಿಲ್ಲ. ಏನೋ ಬಂದಿದೆ ನೋಡು ಎಂದು ಫೋನು ನನ್ನತ್ತ ಚಾಚಿದಳು. ಡಾಕ್ಟರು ಗುರುತು ಮುಟ್ಟಿದ ಕೂಡಲೇ ತಾನಾಗಿ ಹೋಗುವ ಸಂದೇಶ: ಡಾಕ್ಟರು ನಿಮ್ಮ ಮನೆಗೆ ಬಂದಿದ್ದಾರೆ, ಸೇವೆ ಹೇಗಿತ್ತು? ಕೆಳಗೆ ಐದು ನಕ್ಷತ್ರ. ಪರದೆ ಬಹಳ ಸ್ವಚ್ಛವಾಗಿತ್ತು. ಕಾಕುವಿಗೆ ಓದಿ ಹೇಳಿದೆ.

ಅವಳು ಸೆರಗಿಗೆ ಕೈ ಒರೆಸಿಕೊಂಡು ಕೇಳಿದಳು, "ಹಂಗಾರ ಇದರಾಗ ಯಾವುದು ಒತ್ಲೆಪಾ?"