ಕೊಟ್ಟಿಗೆಗೆ ಹಾಸುವ ಕಲ್ಲು

“ಮೇಡಂ, ದನದ ಕೊಟ್ಟಗಿಗೆ ಹಾಸೋ ಕಲ್ರಿ ಅದು!”

ಶಹಾಬಾದಿನ ಕಲ್ಲು ಪಾಲಿಶ್ ಮಾಡುವ ಅಂಗಳದ ಮಾಲೀಕರು ಗಾಬರಿಯಾಗಿಯೇ ಹೇಳಿದರು. ನಮ್ಮ ಹೊಸ ಮನೆಯ ನೆಲಕ್ಕೆಂದು ಅವರು ಮುಖ ಕಾಣುವಷ್ಟು ಹೊಳೆಯುವ ಫರ್ಸಿಕಲ್ಲು ತೆಗೆದಿಟ್ಟಿದ್ದರು. ನಾನು ಕೋಲೂರಿಕೊಂಡು ಅದನ್ನು ದಾಟಿ ಹೋಗಿ, ಪಾಲಿಶ್ ಕಾಣದ ತರಿತರಿ ಕಲ್ಲಿನ ಮೇಲೆ ಚಪ್ಪಲಿ ಬಿಟ್ಟು ನಿಂತಿದ್ದೆ. ನನ್ನದು ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೋಲುತ್ತ ಹೋಗುವ ಕಾಯಿಲೆ. ಮೊಣಕಾಲು ಯಾವಾಗ ಕೈಕೊಡುತ್ತದೋ ಹೇಳಲಾಗದು. ನುಣುಪು ನೆಲದಲ್ಲಿ ಪಾದಕ್ಕೂ ಹಿಡಿತವಿಲ್ಲ, ಕೋಲಿಗೂ ಇಲ್ಲ.

“ದನ ಜಾರಬಾರದಂತ ತಾನೇ ಇದನ್ನ ಹಾಸ್ತೀರಿ? ನಾನೂ ಜಾರಬಾರದ್ರಿ” ಅಂದೆ.

ನಕ್ಕುಬಿಡುತ್ತಾರೆ ಅಂದುಕೊಂಡಿದ್ದೆ. ಅವರು ನಗಲಿಲ್ಲ. ನನ್ನ ಬರಿಗಾಲನ್ನೂ ಕಲ್ಲನ್ನೂ ನೋಡಿ, ಕಲ್ಲು ಕೊಯ್ಯುತ್ತಿದ್ದವನನ್ನು ಕೂಗಿದರು: “ಇವರದು ತೆಗದಮ್ಯಾಲ ಒಂದು ಖೋಲಿಗಿ ಆಗೋವಷ್ಟು ನನಗೂ ತೆಗದಿಡು. ನಮ್ಮವ್ವ ಮನಿಯಾಗ ಗ್ವಾಡಿ ಹಿಡ್ಕೊಂಡೇ ಅಡ್ಡಾಡ್ಲಿಕತ್ತಾಳ. ವಯಸ್ಸಾಗ್ಯಾದ ಅಂತ ಬಿಟ್ಟಿದ್ದೆ, ನೆಲದ ಕಡಿ ನೋಡೇ ಇಲ್ಲ ನಾನು.”

ಈಗಲೂ ಮನೆಗೆ ಬಂದವರು ಕುಂತಕೂಡಲೇ ತರಿತರಿ ನೆಲ ನೋಡಿ ಕೇಳುತ್ತಾರೆ, “ಪಾಲಿಶ್ ಯಾವಾಗ ಮಾಡಸ್ತೀರಿ?” ನಾನು ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಅವರ ಚಹಾ ಹಿಡಿದು, ಅಡುಗೆಮನೆಯಿಂದ ಅವರ ತನಕ ಅದೇ ನೆಲದ ಮೇಲೆ ನಡೆದುಬರುತ್ತೇನೆ.